ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಅನುವಾದ

ಹಂಪೆಯ ರಾಘವಾಂಕನು ಹದಿಮೂರನೆಯ ಶತಮಾನದಲ್ಲಿ ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಹರಿಶ್ಚಂದ್ರ ಕಾವ್ಯ’ವು 2017ರಲ್ಲಿ ಅಮೆರಿಕ ದೇಶದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಕಟಣಾಲಯದಿಂದ, ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ ಹೊರಬಂದಿತು. ಕನ್ನಡದ ಕೃತಿಯೊಂದು ಇಂಗ್ಲಿಷಿಗೆ ಹೋದದ್ದು ಅದೇ ಮೊದಲಲ್ಲ, ಎ. ಕೆ. ರಾಮಾನುಜನ್ ಅವರ ವಚನಾನುವಾದಗಳು 1973ರಲ್ಲಿಯೂ, ಅವರೇ ಅನುವಾದಿಸಿದ ಅನಂತಮೂರ್ತಿಯವರ ‘ಸಂಸ್ಕಾರ’ವು 1976ರಲ್ಲಿಯೂ ಪ್ರಕಟವಾಗಿ ಹೊರನಾಡಿನ ಓದುಗರ ಕೈಸೇರಿದ್ದುವು. ಆದರೆ ಈ ಗ್ರಂಥದಲ್ಲಿ ಬೇರೊಂದು ವಿಶೇಷವುಂಟು. ಪುಸ್ತಕವನ್ನು ಎಲ್ಲಿಯೇ ತೆರೆಯಿರಿ, ಎಡಪುಟದಲ್ಲಿ ರಾಘವಾಂಕನ ಷಟ್ಪದಿಗಳು ಕನ್ನಡ ಲಿಪಿಯಲ್ಲಿಯೇ ಮುದ್ರಿತವಾಗಿರುತ್ತವೆ. ಅವಕ್ಕೆ ಎದುರಾಗಿ ಬಲಪುಟದಲ್ಲಿ ಇಂಗ್ಲಿಷ್ ಅನುವಾದ ನಿಂತಿರುತ್ತದೆ. ಕನ್ನಡವನ್ನು ಒಂದಕ್ಷರವೂ ಅರಿಯದ ದೂರದೇಶದ ಓದುಗನು ಕೂಡ, ತಾನು ಓದುತ್ತಿರುವುದು ಬೇರೊಂದು ಭಾಷೆಯಲ್ಲಿ ಹುಟ್ಟಿದ ಕಾವ್ಯವೆಂಬುದನ್ನು ಪುಟಪುಟಕ್ಕೂ ಕಣ್ಣಾರೆ ಕಾಣುತ್ತ ಮುಂದುವರಿಯಬೇಕಾಗುತ್ತದೆ.

ಅನುವಾದವನ್ನು ಕುರಿತ ಚರ್ಚೆಗಳೆಲ್ಲ ಸಾಮಾನ್ಯವಾಗಿ ಬಲಪುಟವನ್ನೇ ಕುರಿತವುಗಳಾಗಿರುತ್ತವೆ. ಅನುವಾದ ಸರಾಗವಾಗಿದೆಯೆ, ಮೂಲದ ಸೊಗಸು ಉಳಿದಿದೆಯೆ, ಹೊರಗಿನವರು ಮೆಚ್ಚಿದರೆ ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ. ಎಡಪುಟದ ವಿಚಾರವನ್ನು ಎತ್ತುವವರು ಅಪೂರ್ವ. ಆ ಪುಟದಲ್ಲಿ ಅಚ್ಚಾದ ಪಾಠ ಎಲ್ಲಿಂದ ಬಂದಿತು, ಅದನ್ನು ಶುದ್ಧಗೊಳಿಸಿದವರು ಯಾರು, ಅದಕ್ಕೆ ಎಷ್ಟು ತಲೆಮಾರುಗಳ ಶ್ರಮ ಸಂದಿದೆ ಎಂಬುದನ್ನು ಅರಿಯದೆ ವಿದ್ವತ್ಪ್ರಕಟಣೆಯೆಂಬ ವ್ಯವಸಾಯದ ಸ್ವರೂಪವನ್ನು ತಿಳಿಯುವುದು ಸಾಧ್ಯವಿಲ್ಲ. ಬಲಪುಟದ ಬೆಲೆಯೆಲ್ಲ ಎಡಪುಟದ ಪ್ರಾಮಾಣ್ಯವನ್ನು ಆಶ್ರಯಿಸಿಕೊಂಡಿದೆಯೆಂಬುದು ನನ್ನ ದೃಢವಾದ ನಂಬಿಕೆ.

ರಾಘವಾಂಕನ ಗ್ರಂಥವು ಸೇರಿರುವುದು ‘ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಗ್ರಂಥಮಾಲೆಗೆ. ಇನ್ಫೋಸಿಸ್ ಸಂಸ್ಥಾಪಕರಾದ ನಾರಾಯಣ ಮೂರ್ತಿಯವರ ಪುತ್ರ ರೋಹನ್ ಮೂರ್ತಿಯವರು ಹಾರ್ವರ್ಡಿನಲ್ಲಿ ಗಣಕವಿಜ್ಞಾನದ ಸಂಶೋಧನ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಭಾರತದ ಪ್ರಾಚೀನ ಸಾಹಿತ್ಯದತ್ತ ಆಕರ್ಷಿತರಾಗಿ, 2010ರಲ್ಲಿ ಮೂರ್ತಿ ಕುಟುಂಬದ ಪರವಾಗಿ 52 ಲಕ್ಷ ಡಾಲರುಗಳ ದತ್ತಿಯನ್ನು ಆ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಸ್ಕೃತ ವಿದ್ವಾಂಸ ಶೆಲ್ಡನ್ ಪೊಲಾಕ್ ಅವರು ಮಾಲೆಯ ಪ್ರಧಾನ ಸಂಪಾದಕತ್ವವನ್ನು ವಹಿಸಿಕೊಂಡರು. 2015ರ ಜನವರಿಯಲ್ಲಿ ಐದು ಸಂಪುಟಗಳು ಒಟ್ಟಿಗೆ ಹೊರಬಂದುವು: ಬೌದ್ಧ ಭಿಕ್ಷುಣಿಯರ ಪಾಲಿ ಪದ್ಯಗಳಾದ ‘ಥೇರೀಗಾಥಾ’, ಸೂರದಾಸನ ವ್ರಜಭಾಷೆಯ ಪದಗಳು, ಬುಲ್ಲೇಶಾಹನ ಪಂಜಾಬಿ ಸೂಫಿ ಗೀತೆಗಳು, ಅಲ್ಲಸಾನಿ ಪೆದ್ದನನ ತೆಲುಗು ‘ಮನುಚರಿತ್ರ’, ಅಬುಲ್ ಫಜಲನು ಪಾರಸಿಯಲ್ಲಿ ಬರೆದ ಅಕ್ಬರನ ಚರಿತ್ರೆಯ ಪ್ರಥಮ ಭಾಗ. ಈ ಐದನ್ನು ಒಂದು ಸಾಲಿನಲ್ಲಿ ಇರಿಸಿ ನೋಡಿದರೆ ಸಂಪಾದಕರ ಆಶಯ ಸ್ಪಷ್ಟವಾಗುತ್ತದೆ. ಭಾರತದ ಅಭಿಜಾತ ಸಾಹಿತ್ಯವೆಂದರೆ ಸಂಸ್ಕೃತವೊಂದೇ ಎಂದು ಹೊರನಾಡಿನವರು ಬಹುಕಾಲ ಭಾವಿಸಿದ್ದರು. ಆ ಭಾವನೆಯನ್ನು ಈ ಮಾಲೆಯು ಮೊದಲ ಹೆಜ್ಜೆಯಲ್ಲಿಯೇ ಕೈಬಿಟ್ಟಿತು.

ಮೂಲವನ್ನೂ ಅನುವಾದವನ್ನೂ ಎದುರುಬದುರಾಗಿ ಮುದ್ರಿಸುವ ಪದ್ಧತಿಗೆ ಒಂದು ಪೂರ್ವಪರಂಪರೆಯುಂಟು. ಜೇಮ್ಸ್ ಲೋಬ್ ಎಂಬ ಅಮೆರಿಕದ ಧನಿಕನು, ಗ್ರೀಕ್ ಲ್ಯಾಟಿನ್ ಭಾಷೆಗಳ ಗ್ರಂಥಗಳು ಪಂಡಿತರ ಕೊಠಡಿಯಿಂದ ಹೊರಬಂದು ಸಾಮಾನ್ಯ ವಿದ್ಯಾವಂತರ ಕೈಗೆ ಎಟುಕಬೇಕೆಂಬ ಹಂಬಲದಿಂದ 1911ರಲ್ಲಿ ತನ್ನ ಹೆಸರಿನ ಗ್ರಂಥಮಾಲೆಯೊಂದನ್ನು ಸ್ಥಾಪಿಸಿದನು. ಗ್ರೀಕಿಗೆ ಹಸಿರು ರಟ್ಟು, ಲ್ಯಾಟಿನಿಗೆ ಕೆಂಪು ರಟ್ಟು. ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದಷ್ಟು ಸಣ್ಣ ಆಕಾರ. ಲೋಬನ ಮರಣಾನಂತರ ಆ ಮಾಲೆಯ ಪೋಷಣೆ ಹಾರ್ವರ್ಡಿನ ಪಾಲಿಗೆ ಬಂದು, ಈಗ ಅದರಲ್ಲಿ 500ಕ್ಕೂ ಹೆಚ್ಚು ಸಂಪುಟಗಳಿವೆ. ಸಂಸ್ಕೃತಕ್ಕೆ ಇಂಥದೇ ಸೇವೆಯನ್ನು ‘ಕ್ಲೇ ಸಂಸ್ಕೃತ ಗ್ರಂಥಮಾಲೆ’ ಕೆಲವು ಕಾಲ ಸಲ್ಲಿಸಿತು. ಜಾನ್ ಕ್ಲೇ ಎಂಬವರ ದತ್ತಿಯಿಂದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಪ್ರಕಟಣಾಲಯವು 2005ರಿಂದ ಮೊದಲುಗೊಂಡು ಐವತ್ತಕ್ಕೂ ಹೆಚ್ಚು ಸಂಪುಟಗಳನ್ನು ಹೊರತಂದಿತು. ಅದರಲ್ಲಿ ಮೂಲವನ್ನು ರೋಮನ್ ಲಿಪಿಯಲ್ಲಿ ಅಚ್ಚು ಹಾಕಿದ್ದರು. ಮೂರ್ತಿ ಮಾಲೆಯಲ್ಲಿಯಾದರೋ ಸಾಮಾನ್ಯವಾಗಿ ಆಯಾ ಭಾಷೆಗೆ ಸಲ್ಲುವ ಭಾರತೀಯ ಲಿಪಿಯಲ್ಲಿಯೇ ಮೂಲವನ್ನು ಮುದ್ರಿಸುತ್ತಾರೆ. ಅದಕ್ಕಾಗಿ ಹೊಸ ಅಕ್ಷರವಿನ್ಯಾಸಗಳನ್ನೇ ಪರಿಣತರಿಂದ ಮಾಡಿಸಿದರು. ಒತ್ತಕ್ಷರಗಳು ಒಂದರ ಮೇಲೊಂದು ಬೀಳದೆ, ದೀರ್ಘ ಹ್ರಸ್ವಗಳು ತೊಡಕಿಲ್ಲದೆ ಕಣ್ಣಿಗೆ ಕಾಣುವಂತೆ ಕಾವ್ಯವೊಂದನ್ನು ಅಚ್ಚು ಹಾಕುವುದೂ ಆ ಕಾವ್ಯಕ್ಕೆ ಸಲ್ಲಿಸುವ ಗೌರವವೇ ಅಲ್ಲವೆ?

ಇಷ್ಟೆಲ್ಲ ವೆಚ್ಚದ ಕೆಲಸವನ್ನು ವಿಶ್ವವಿದ್ಯಾನಿಲಯವೇ ಏಕೆ ಮಾಡಬೇಕೆಂದು ಕೇಳುವವರಿರಬಹುದು. ಸಾಮಾನ್ಯ ಪ್ರಕಾಶಕನು ಒಂದು ಪುಸ್ತಕಕ್ಕೆ ಹಾಕಿದ ಬಂಡವಾಳ ಒಂದೆರಡು ವರ್ಷಗಳಲ್ಲಿ ಹಿಂದಿರುಗದಿದ್ದರೆ ಬದುಕಲಾರನು. ಅದು ಅವನ ದೋಷವಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪ್ರಾಚೀನ ಕಾವ್ಯವಾದರೋ ಒಂದು ವರ್ಷಕ್ಕೆ ನೂರು ಪ್ರತಿ ಮಾರಾಟವಾಗಿ, ನೂರು ವರ್ಷವಾದರೂ ಕೇಳುವವರನ್ನು ಉಳಿಸಿಕೊಂಡಿರಬಲ್ಲ ಸರಕು. ಅದನ್ನು ಹೊರತರುವುದಕ್ಕೆ ಕಾಯುವ ತಾಳ್ಮೆಯೂ, ಕಾಯುವಷ್ಟು ಕಾಲ ಕರಗದ ಮೂಲಧನವೂ ಬೇಕು. ಇವೆರಡರ ಜೊತೆಗೆ ಪರೀಕ್ಷೆಯ ಕಟ್ಟುಪಾಡೂ ಬೇಕು. ವಿದ್ವತ್ಪ್ರಕಟಣಾಲಯಕ್ಕೆ ಬಂದ ಬರಹವನ್ನು ಆ ವಿಷಯದಲ್ಲಿ ಪರಿಶ್ರಮವುಳ್ಳ ಹೊರಗಿನ ವಿದ್ವಾಂಸರು ಓದಿ, ಸಂದೇಹಗಳನ್ನು ಎತ್ತಿ, ತಿದ್ದುಪಡಿಗಳನ್ನು ಸೂಚಿಸುತ್ತಾರೆ. ಅನುವಾದಕನು ಅವಕ್ಕೆ ಒಂದೊಂದಾಗಿ ಉತ್ತರ ಹೇಳಬೇಕು. ಅನಂತರ ವಿಶ್ವವಿದ್ಯಾನಿಲಯದ ಮಂಡಲಿಯೊಂದು ಒಪ್ಪಿಗೆ ಕೊಡಬೇಕು. ಈ ಕ್ರಮದಲ್ಲಿ ಒಂದು ಸಂಪುಟಕ್ಕೆ ಹಲವು ವರ್ಷಗಳು ಹಿಡಿಯುವುದು ಸ್ವಾಭಾವಿಕ. ಮೂರ್ತಿ ಮಾಲೆಯವರು ಒಂದು ಶತಮಾನದ ಅವಧಿಯಲ್ಲಿ 500 ಸಂಪುಟಗಳನ್ನು ಹೊರತರುವ ಸಂಕಲ್ಪವನ್ನು ಹೇಳಿಕೊಂಡಾಗ ಕೆಲವರಿಗೆ ಅದು ಅತಿಯೆನಿಸಿತು. ಶತಮಾನವನ್ನು ಮಾನದಂಡವಾಗಿ ಇರಿಸಿಕೊಳ್ಳದೆ ಇಂಥ ಕೆಲಸಕ್ಕೆ ಕೈಹಾಕುವಂತಿಲ್ಲವೆಂದು ನನಗೆ ತೋರುತ್ತದೆ.

ಈಗ ಎಡಪುಟದ ಕಥೆಗೆ ಬರೋಣ. ನಮ್ಮ ಪ್ರಾಚೀನ ಕವಿಗಳು ತಮ್ಮ ಕೈಯಾರೆ ಬರೆದ ಓಲೆಗಳು ನಮಗೆ ದೊರೆತಿಲ್ಲ. ದೊರೆತಿರುವುವು ಪ್ರತಿಯ ಪ್ರತಿಯ ಪ್ರತಿಗಳು. ತಾಳೆಯ ಗರಿಯನ್ನು ಹದಮಾಡಿ, ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿ ಹಚ್ಚಿ ಒರೆಸಿದರೆ ಕೊರೆದ ಗೆರೆಗಳಲ್ಲಿ ಕಪ್ಪು ನಿಲ್ಲುತ್ತದೆ. ಆ ಬರಹದಲ್ಲಿ ಪದಪದಗಳ ನಡುವೆ ತೆರಪು ಇಲ್ಲ. ಎಕಾರ ಏಕಾರಗಳನ್ನೂ, ಒಕಾರ ಓಕಾರಗಳನ್ನೂ ಬೇರ್ಪಡಿಸಿ ತೋರಿಸುವ ವಾಡಿಕೆ ಬಹುಮಟ್ಟಿಗೆ ಇಲ್ಲ. ಓದುವವನು ಛಂದಸ್ಸಿನ ಆಧಾರದಿಂದ ಹ್ರಸ್ವವೋ ದೀರ್ಘವೋ ನಿಶ್ಚಯಿಸಬೇಕು. ಹಳಗನ್ನಡದಲ್ಲಿದ್ದ ಱಕಾರ, ೞಕಾರಗಳು ಜನರ ಬಾಯಿಂದ ಮರೆಯಾದ ಕಾಲದಲ್ಲಿ ನಕಲು ಮಾಡಿದ ಲಿಪಿಕಾರನು ತನಗೆ ತಿಳಿದಂತೆ ರಕಾರವನ್ನೋ ಳಕಾರವನ್ನೋ ಬರೆದುಬಿಟ್ಟಿರುತ್ತಾನೆ. ಗೆದ್ದಲು ತಿಂದ ಕಡೆ ಒಂದು ಸಾಲು ಹೋಗಿರುತ್ತದೆ. ಅರ್ಥವಾಗದ ಶಬ್ದವನ್ನು ಕಂಡಾಗ, ಸದುದ್ದೇಶದಿಂದಲೇ, ಅರ್ಥವಾಗುವ ಶಬ್ದವೊಂದನ್ನು ತುಂಬಿದ ಲಿಪಿಕಾರರೂ ಉಂಟು. ಅಂಥವರಿಂದಲೇ ಮೂಲಕ್ಕೆ ಹೆಚ್ಚಿನ ಹಾನಿ, ಏಕೆಂದರೆ ಅವರ ತಿದ್ದುಪಡಿಯು ತಪ್ಪಿನಂತೆ ಕಾಣುವುದಿಲ್ಲ. ಹತ್ತು ಊರುಗಳ ಮಠಗಳಿಂದಲೂ ಮನೆಗಳಿಂದಲೂ ಬಂದ ಪ್ರತಿಗಳನ್ನು ಮುಂದಿಟ್ಟುಕೊಂಡು, ಪಾಠಾಂತರಗಳನ್ನು ಗುರುತಿಸಿ, ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬ ವಂಶಾವಳಿಯನ್ನು ಊಹಿಸಿ, ಕವಿಯ ಮಾತಿಗೆ ಅತಿ ಸಮೀಪವಾದ ಪಾಠವನ್ನು ಮೇಲೆ ಇರಿಸಿ, ಉಳಿದುವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವ ಈ ವಿದ್ಯೆಗೆ ಗ್ರಂಥಸಂಪಾದನೆಯೆಂದು ಹೆಸರು. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ಯೆಂಬ ಶಾಸ್ತ್ರಗ್ರಂಥವನ್ನೇ ಬರೆದರು. ಅದಕ್ಕೆ ಹದಿನೈದು ವರ್ಷ ಮೊದಲು ಅವರು ಸಂಪಾದಿಸಿ ಕೊಟ್ಟ ‘ವಡ್ಡಾರಾಧನೆ’ಯನ್ನು ಬಲ್ಲವರಿಗೆ, ಆ ಶಾಸ್ತ್ರವು ಕುರ್ಚಿಯಲ್ಲಿ ಕುಳಿತು ಕಲ್ಪಿಸಿದ್ದಲ್ಲವೆಂಬುದು ಗೊತ್ತು.

ಅವರಿಗಿಂತ ಹಿಂದೆ ನಡೆದವರ ಸಾಲು ದೀರ್ಘವಾಗಿದೆ. ಮಂಗಳೂರಿಗೆ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಹೆರ್ಮನ್ ಮೋಗ್ಲಿಂಗ್, ಕೆಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ 1848ರಿಂದ ಕೆಲವು ವರ್ಷಗಳ ಕಾಲ ‘ಬಿಬ್ಲಿಯೋಥಿಕ ಕರ್ನಾಟಿಕ’ವೆಂಬ ಮಾಲೆಯಲ್ಲಿ ಕನ್ನಡದ ಪ್ರಾಚೀನ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದನು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ತನ್ನ ಮಹಾನಿಘಂಟನ್ನು 1894ರಲ್ಲಿಯೂ ಹೊರತಂದನು. ಮೈಸೂರಿನಲ್ಲಿ ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಪಂಪಭಾರತವೂ, ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ‘ಕವಿರಾಜಮಾರ್ಗ’ವೂ ಒಂದೇ ವರ್ಷ, 1898ರಲ್ಲಿ, ಬೆಳಕು ಕಂಡುವು. ಆ ಎರಡು ಗ್ರಂಥಗಳು ಅಚ್ಚಾಗುವ ಮೊದಲು ಕನ್ನಡ ಸಾಹಿತ್ಯದ ಆರಂಭವನ್ನು ಕುರಿತು ಸಾಮಾನ್ಯ ಓದುಗನಿಗೆ ಏನು ತಿಳಿದಿದ್ದಿತು? ಪಂಪನ ಹೆಸರನ್ನು ಬಲ್ಲ ಪಂಡಿತರಿದ್ದಿರಬಹುದು. ಪಂಪನನ್ನು ಮನೆಯಲ್ಲಿ ಕುಳಿತು ಓದುವ ಭಾಗ್ಯ ಮಾತ್ರ ಅಚ್ಚಿನಿಂದಲೇ ಬಂದದ್ದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದು, ಯಾವ ಕವಿ ಯಾವ ಕಾಲದವನೆಂಬ ಕಾಡಿನಲ್ಲಿ ದಾರಿ ತೋರಿಸಿದುವು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ರಾಮಾನುಜನ್ ಅವರ ವಚನಾನುವಾದಗಳನ್ನು ಓದಿ ಬೆರಗಾದ ವಿದೇಶೀಯರಲ್ಲಿ ಎಷ್ಟು ಮಂದಿಗೆ ಹಳಕಟ್ಟಿಯವರ ಹೆಸರು ತಿಳಿದಿದೆ? ತಿಳಿಯದಿರುವುದು ಅವರ ತಪ್ಪಲ್ಲ, ಹೇಳಬೇಕಾದವರು ನಾವು.

ವಿದ್ಯಾಸಂಸ್ಥೆಯೊಂದರ ಪ್ರಕಟಣೆಯು ಲೋಕದ ತಿಳಿವಳಿಕೆಯನ್ನೇ ತಿರುಗಿಸಬಲ್ಲುದೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವುಂಟು. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಓಲೆಯ ಕಟ್ಟೊಂದನ್ನು ತಂದೊಪ್ಪಿಸಿದರು. ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿನೋಡಿ, ಬಹುಕಾಲದಿಂದ ಕಳೆದುಹೋಯಿತೆಂದು ಎಲ್ಲರೂ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಗುರುತಿಸಿದರು. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದವು ಗ್ರಂಥರೂಪದಲ್ಲಿ ಬಂದಿತು. ಪ್ರಾಚೀನ ಭಾರತೀಯರು ಪರಲೋಕಚಿಂತನೆಯಲ್ಲಿಯೇ ಮುಳುಗಿ ರಾಜ್ಯತಂತ್ರವನ್ನು ಅರಿಯದವರಾಗಿದ್ದರೆಂದು ಹೇಳುತ್ತಿದ್ದವರು, ಸುಂಕ, ಗಣಿ, ಗೂಢಚಾರ, ತೂಕ ಅಳತೆಗಳ ವಿವರವೆಲ್ಲ ತುಂಬಿದ ಆ ಗ್ರಂಥವನ್ನು ಓದಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಇಲ್ಲಿ ಮೂಲದ ಮುದ್ರಣ ಮೊದಲು, ಅನುವಾದ ಅನಂತರ ಎಂಬ ಕ್ರಮವನ್ನು ಗಮನಿಸಬೇಕು. ಎರಡನ್ನೂ ಒಬ್ಬರೇ ವಿದ್ವಾಂಸರು ನೆರವೇರಿಸಿದರೆಂಬುದು ಶಾಮಶಾಸ್ತ್ರಿಗಳ ಹಿರಿಮೆ.

ರಾಘವಾಂಕನ ವಿಷಯಕ್ಕೆ ಮರಳಿದರೆ, ಅನುವಾದಕರ ಮುಂದಿದ್ದ ಕಷ್ಟ ಎಂಥದೆಂಬುದನ್ನು ಸ್ವಲ್ಪ ವಿವರಿಸಬೇಕು. ರಾಘವಾಂಕನು ರಗಳೆಗಳ ಕವಿ ಹರಿಹರನ ಸೋದರಳಿಯ. ನರರನ್ನು ಹೊಗಳಕೂಡದೆಂಬ ವ್ರತವುಳ್ಳ ಹರಿಹರನು, ಅಳಿಯನು ಹರಿಶ್ಚಂದ್ರನೆಂಬ ಮಾನವನ ಮೇಲೆ ಕಾವ್ಯ ಬರೆದನೆಂದು ಕೋಪಿಸಿ ಹೊಡೆದುದರಿಂದ ಅವನ ಹಲ್ಲುಗಳು ಉದುರಿದುವೆಂದೂ, ಶಿವಶರಣರ ಚರಿತೆಗಳನ್ನು ಬರೆದ ಮೇಲೆ ಅವು ಮರಳಿ ಬಂದುವೆಂದೂ ಐತಿಹ್ಯ ಹೇಳುತ್ತದೆ. ಐತಿಹ್ಯವು ನಿಜವಾಗಬೇಕಾದ ಅಗತ್ಯವಿಲ್ಲ. ಕನ್ನಡದಲ್ಲಿ ಮನುಷ್ಯನೊಬ್ಬನ ಸತ್ಯನಿಷ್ಠೆಯನ್ನು ಕಾವ್ಯದ ನಡುಮಧ್ಯದಲ್ಲಿ ನಿಲ್ಲಿಸುವುದು ಆ ಕಾಲಕ್ಕೆ ಎಷ್ಟು ಸಾಹಸದ ಕಾರ್ಯವಾಗಿದ್ದಿತೆಂಬುದನ್ನು ಅದು ಸೂಚಿಸುತ್ತದೆ. ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ನಾಟಕ ಕಂಪನಿಗಳು ಊರೂರಿಗೆ ಕೊಂಡೊಯ್ದ ಕಥೆ. 1965ರಲ್ಲಿ ರಾಜಕುಮಾರ್ ಅವರು ನಟಿಸಿದ ಚಲನಚಿತ್ರದಿಂದ ಅಕ್ಷರ ಬಾರದವರಿಗೂ ತಿಳಿದ ಕಥೆ. ಆದರೆ ಕಾವ್ಯವನ್ನೇ ಓದಿದವರಿಗೆ ಗೊತ್ತು, ಅದರ ಬಿಗಿ ಕಥೆಯಲ್ಲಿ ಮಾತ್ರ ಇಲ್ಲ. ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರು ಪರಸ್ಪರ ಕೆರಳಿ ಪಣ ತೊಡುವಲ್ಲಿ, ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಗಾನರಾಣಿಯರು ರಾಜನೊಡನೆ ಕುಲವನ್ನು ಕುರಿತು ವಾದಿಸಿ ಅವನ ಒಂದೊಂದು ಮಾತಿಗೂ ಎದುರುತ್ತರ ಕೊಡುವಲ್ಲಿ, ಸಾಲ ವಸೂಲಿಗೆಂದು ಬೆನ್ನು ಹತ್ತಿದ ನಕ್ಷತ್ರಿಕನು ದಾರಿಯುದ್ದಕ್ಕೂ ಕಾಡುವಲ್ಲಿ, ಸುಡುಗಾಡಿನಲ್ಲಿ ಚಂದ್ರಮತಿಯು ಮಗನ ಹೆಣದ ಮುಂದೆ ಗೋಳಿಡುವಲ್ಲಿ, ಆ ಕಾವ್ಯ ಉಸಿರು ಬಿಡಲು ಎಡೆಗೊಡದ ಸಂಭಾಷಣೆಯಾಗಿ ನುಗ್ಗುತ್ತದೆ.

ಆ ವೇಗವನ್ನು ಹೊತ್ತುಕೊಂಡು ಹೋಗುವುದು ಷಟ್ಪದಿ. ವಾರ್ಧಕದಲ್ಲಿ ಐದೈದು ಮಾತ್ರೆಗಳ ಗಣಗಳು. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಇಪ್ಪತ್ತಿಪ್ಪತ್ತು ಮಾತ್ರೆ, ಮೂರನೆಯ ಆರನೆಯ ಪಾದಗಳಲ್ಲಿ ಮೂವತ್ತೆರಡು. ಪದ್ಯವೊಂದಕ್ಕೆ ಒಟ್ಟು 144 ಮಾತ್ರೆ. ಎರಡು ಗಿಡ್ಡ ಪಾದಗಳು ಓಡಿಬಂದು ಉದ್ದ ಪಾದದ ಕೊನೆಯ ಗುರುವಿನಲ್ಲಿ ನಿಲ್ಲುತ್ತವೆ. ಮತ್ತೆ ಎರಡು ಓಡುತ್ತವೆ, ಮತ್ತೆ ನಿಲುಗಡೆ. ಪಾದಗಳ ಆದಿಯಲ್ಲಿ ಎರಡನೆಯ ಅಕ್ಷರದ ಪ್ರಾಸ ಮಿಡಿಯುತ್ತದೆ. ಇಂಗ್ಲಿಷಿನ ಲಯವು ಸ್ವರಾಘಾತವನ್ನು ಅವಲಂಬಿಸಿದುದಾದ್ದರಿಂದ ಮಾತ್ರೆಗಳ ಈ ನಡಿಗೆ ಅಲ್ಲಿಗೆ ಇಡಿಯಾಗಿ ಹೋಗಲಾರದು. ಅನುವಾದಕನು ಲಯವನ್ನು ಬಿಟ್ಟು ಅರ್ಥವನ್ನು ಹಿಡಿಯಬಹುದು. ಅಥವಾ ತನ್ನ ಭಾಷೆಯಲ್ಲಿ ಬೇರೊಂದು ಲಯವನ್ನು ಕಟ್ಟಿಕೊಂಡು ಮೂಲದ ವೇಗವನ್ನು ಇನ್ನೊಂದು ದಾರಿಯಿಂದ ತರಬಹುದು. ಏನು ಮಾಡಿದರೂ ಒಂದು ನಷ್ಟವುಂಟು. ಎದುರುಪುಟದಲ್ಲಿ ಮೂಲವಿರುವುದರ ಪ್ರಯೋಜನ ಇಲ್ಲಿಯೇ ಸ್ಪಷ್ಟವಾಗುವುದು. ನಷ್ಟವಾದುದನ್ನು ಮುಚ್ಚಿಡುವ ಅವಕಾಶ ಅನುವಾದಕನಿಗಿಲ್ಲ. ಮೂಲವನ್ನು ಮರೆಯಲ್ಲಿರಿಸಿದ ಅನುವಾದಕ್ಕೆ ತಾನೇ ಮೂಲವೆಂಬಂತೆ ನಡೆದುಕೊಳ್ಳುವ ಸ್ವಾತಂತ್ರ್ಯವುಂಟು. ಕಷ್ಟದ ಸಾಲನ್ನು ಸದ್ದಿಲ್ಲದೆ ಹಾರಿಹೋಗಬಹುದು, ಎರಡು ಅರ್ಥಗಳಿರುವಲ್ಲಿ ಒಂದನ್ನೇ ಕೊಟ್ಟು ಸುಮ್ಮನಾಗಬಹುದು. ಎದುರಿಗೆ ಕನ್ನಡವಿದ್ದರೆ, ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕುಳಿತ ಓದುಗನೊಬ್ಬನು ಬೆರಳಿಟ್ಟು ಕೇಳಬಹುದು: ಈ ಸಾಲು ಅಲ್ಲಿ ಎಲ್ಲಿ ಹೋಯಿತು? ಹಾಗೆ ಕೇಳುವವನು ಒಬ್ಬನಿದ್ದಾನೆಂದು ತಿಳಿದು ಮಾಡಿದ ಅನುವಾದದ ಪ್ರಾಮಾಣಿಕತೆಯೇ ಬೇರೆ. ಕನ್ನಡದಲ್ಲಿ ಹುಟ್ಟಿ ಬೆಳೆದ ವನಮಾಲಾ ಅವರು ಈ ಪರೀಕ್ಷೆಗೆ ಒಡ್ಡಿಕೊಂಡು ಗ್ರಂಥವನ್ನು ಪೂರೈಸಿದ್ದಾರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಈ ಮಾಲೆಯನ್ನು ಕುರಿತು ವಿವಾದವೂ ನಡೆಯಿತು. 2016ರಲ್ಲಿ ಭಾರತದ 130ಕ್ಕೂ ಹೆಚ್ಚು ಮಂದಿ ವಿದ್ವಾಂಸರೂ ಬುದ್ಧಿಜೀವಿಗಳೂ ಸಹಿ ಮಾಡಿದ ಮನವಿಯೊಂದು, ಪೊಲಾಕ್ ಅವರನ್ನು ಸಂಪಾದಕತ್ವದಿಂದ ಬಿಡಿಸಬೇಕೆಂದೂ, ಭಾರತೀಯ ಪರಂಪರೆಯಲ್ಲಿ ನೆಲೆಗೊಂಡವರಿಂದ, ಭಾರತದಲ್ಲಿಯೇ ಇಂಥ ಕಾರ್ಯ ನಡೆಯಬೇಕೆಂದೂ ಕೇಳಿತು. ದತ್ತಿ ಕೊಟ್ಟವರು ಅದಕ್ಕೆ ಒಪ್ಪಲಿಲ್ಲ, ಕೆಲಸ ಮುಂದುವರಿಯಿತು. ಸಂಸ್ಕೃತ ಪರಂಪರೆಯನ್ನು ಕುರಿತ ಪೊಲಾಕರ ಅಭಿಪ್ರಾಯಗಳನ್ನು ಒಪ್ಪದವರು ಬಹುಮಂದಿ ಇದ್ದಾರೆ. ಒಪ್ಪಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ಅದೇ ಪೊಲಾಕರು ಮೈಸೂರಿಗೆ ಬಂದು ಟಿ. ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿ ಹಳಗನ್ನಡವನ್ನು ಪಾಠ ಹೇಳಿಸಿಕೊಂಡವರು. 2006ರಲ್ಲಿ ಪ್ರಕಟವಾದ ತಮ್ಮ ಬೃಹದ್ಗ್ರಂಥದಲ್ಲಿ ದೇಶಭಾಷೆಗಳ ಸಾಹಿತ್ಯೋದಯಕ್ಕೆ ಮುಖ್ಯ ನಿದರ್ಶನವಾಗಿ ಕವಿರಾಜಮಾರ್ಗವನ್ನೂ ಪಂಪನನ್ನೂ ಎತ್ತಿಕೊಂಡು ಚರ್ಚಿಸಿದವರು. ಕನ್ನಡಿಗನು ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿರಿಸಿಕೊಳ್ಳಬೇಕು. ಮನವಿಯಲ್ಲಿದ್ದ ನೋವನ್ನು ನಾನು ತಳ್ಳಿಹಾಕಲಾರೆ. ನಮ್ಮ ಕಾವ್ಯಗಳು ನಮ್ಮಲ್ಲಿಯೇ ಇಷ್ಟು ಅಚ್ಚುಕಟ್ಟಾಗಿ ಏಕೆ ಅಚ್ಚಾಗುತ್ತಿಲ್ಲವೆಂಬ ನೋವು ಅದು. ಆದರೆ ಆ ನೋವಿಗೆ ಮದ್ದು ಇನ್ನೊಬ್ಬರ ಸಂಪಾದಕತ್ವವನ್ನು ಕಿತ್ತುಕೊಳ್ಳುವುದರಲ್ಲಿಲ್ಲ, ಇಲ್ಲಿ ಅಂಥದೇ ಮಾಲೆಯೊಂದನ್ನು ಕಟ್ಟುವುದರಲ್ಲಿದೆ.

ಕಟ್ಟಲಾರೆವೆಂದು ಹೇಳುವಂತೆಯೂ ಇಲ್ಲ, ಏಕೆಂದರೆ ಹಿಂದೆ ಕಟ್ಟಿದ್ದೆವು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಪ್ರಸಾರಾಂಗದ ಮೂಲಕ ನಾಡಿನ ಮೂಲೆಮೂಲೆಗೆ ಉಪನ್ಯಾಸಕರನ್ನು ಕಳುಹಿಸಿ, ಆ ಉಪನ್ಯಾಸಗಳನ್ನು ಕೆಲವೇ ಆಣೆಗಳ ಪುಸ್ತಿಕೆಗಳಾಗಿ ಹಂಚಿತು. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಕೂಡಿ ಸಿದ್ಧಪಡಿಸಿದ ‘ಹರಿಶ್ಚಂದ್ರಕಾವ್ಯ ಸಂಗ್ರಹ’ವು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ರಾಘವಾಂಕನ ಪ್ರವೇಶದ್ವಾರವಾಯಿತು. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರ್ಕಾರವು 1958ರಲ್ಲಿ ಹೊರತಂದ ಕುಮಾರವ್ಯಾಸ ಭಾರತದ ಜನಪ್ರಿಯ ಆವೃತ್ತಿಯು ಅತಿ ಅಗ್ಗದ ಬೆಲೆಗೆ ಹಳ್ಳಿಗಳ ಮನೆಗಳನ್ನು ಹೊಕ್ಕಿತು. ಆ ದಪ್ಪ ಪುಸ್ತಕ ಇಂದಿಗೂ ಎಷ್ಟೋ ಮನೆಗಳ ಅಟ್ಟದಲ್ಲಿ ದೊರೆಯುತ್ತದೆ. ಈಗ ಅದೇ ಕುಮಾರವ್ಯಾಸನು ಎಸ್. ಎನ್. ಶ್ರೀಧರ್ ಅವರ ಸಂಪಾದಕತ್ವದಲ್ಲಿ ಮೂರ್ತಿ ಮಾಲೆಗೂ ಬಂದಿದ್ದಾನೆ. ಇನ್ನೊಂದು ಕಡೆಯಿಂದ, ರನ್ನನ ‘ಗದಾಯುದ್ಧ’ವನ್ನು ಆರ್. ವಿ. ಎಸ್. ಸುಂದರಂ ಅವರೂ ಅಮ್ಮೆಲ್ ಶರೋನ್ ಅವರೂ ಇಂಗ್ಲಿಷಿಗೆ ತಂದು, ಅದೂ ವಿದ್ವತ್ಪ್ರಕಟಣೆಯಾಗಿ ಬೆಳಕು ಕಂಡಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತ ಮೇಲೆಯೂ, ಓಲೆಗರಿಯನ್ನು ಓದಬಲ್ಲ, ಪಾಠಾಂತರಗಳನ್ನು ತೂಗಿನೋಡಬಲ್ಲ, ಛಂದಸ್ಸು ಕೆಟ್ಟಿತೆಂಬುದನ್ನು ಕಿವಿಯಿಂದಲೇ ಹಿಡಿಯಬಲ್ಲ ತರುಣರು ಎಷ್ಟು ಮಂದಿ ಸಿದ್ಧರಾಗಿದ್ದಾರೆ? ಹಿರಿಯ ಸಂಪಾದಕರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವ ಈ ಕಾಲದಲ್ಲಿ, ಎಡಪುಟವನ್ನು ತುಂಬಬಲ್ಲವರನ್ನು ತರಬೇತು ಮಾಡದೆ ಬಲಪುಟದ ಕೀರ್ತಿಯನ್ನಷ್ಟೇ ಬಯಸುವುದು, ಬೇರಿಗೆ ನೀರೆರೆಯದೆ ಹಣ್ಣಿಗೆ ಕೈನೀಡಿದಂತೆ. ಬೆಂಗಳೂರು, ಮೈಸೂರು, ಧಾರವಾಡ, ಹಂಪಿಗಳ ವಿಶ್ವವಿದ್ಯಾನಿಲಯಗಳು ಗ್ರಂಥಸಂಪಾದನೆಗೆಂದು ನಾಲ್ಕೈದು ವರ್ಷಗಳ ಪೂರ್ಣಾವಧಿಯ ವೇತನಗಳನ್ನು ಏರ್ಪಡಿಸಿ, ಒಬ್ಬೊಬ್ಬ ತರುಣನಿಗೆ ಒಂದೊಂದು ಗ್ರಂಥವನ್ನು ಒಪ್ಪಿಸಿದರೆ, ಹತ್ತು ವರ್ಷಗಳಲ್ಲಿ ಆಗುವ ಕೆಲಸ ಸಾಮಾನ್ಯವಾದುದಲ್ಲ.

ಅನುವಾದದ ಸಾಹಿತ್ಯದಿಂದ ಕನ್ನಡ ಓದುಗನಿಗೆ ಬರುವ ಇನ್ನೊಂದು ಲಾಭವನ್ನು ಹೇಳದೆ ಬಿಡಲಾರೆ. ಇಂಥ ಮಾಲೆಯಿಂದ ನಮ್ಮದು ಹೊರಗೆ ಹೋಗುವಷ್ಟೇ ಸಹಜವಾಗಿ ನೆರೆಯವರದು ಒಳಗೆ ಬರುತ್ತದೆ. ಪೆದ್ದನನು ಕೃಷ್ಣದೇವರಾಯನ ಆಸ್ಥಾನಕವಿ. ಅವನು ಮನುಚರಿತ್ರವನ್ನು ರಚಿಸಿದುದು ನಮ್ಮ ತುಂಗಭದ್ರೆಯ ದಡದ ವಿಜಯನಗರದಲ್ಲಿ, ರಾಘವಾಂಕನು ಬಾಳಿದ ಅದೇ ಹಂಪೆಯ ನೆಲದಲ್ಲಿ, ಸುಮಾರು ಮೂರು ಶತಮಾನಗಳ ಅನಂತರ. ಹಂಪೆಗೆ ಹೋಗಿಬರುವ ಕನ್ನಡಿಗರಲ್ಲಿ ಅವನ ಒಂದು ಪದ್ಯವನ್ನಾದರೂ ಓದಿದವರು ವಿರಳ. ವೆಲ್ಚೇರು ನಾರಾಯಣರಾವ್ ಮತ್ತು ಡೇವಿಡ್ ಶುಲ್ಮನ್ ಅವರ ಅನುವಾದದಲ್ಲಿ, ಮಂತ್ರದ ಲೇಪವನ್ನು ಪಾದಕ್ಕೆ ಹಚ್ಚಿಕೊಂಡು ಹಿಮಾಲಯಕ್ಕೆ ಹಾರಿಹೋದ ಗೃಹಸ್ಥ ಬ್ರಾಹ್ಮಣ ಪ್ರವರನ ಕಥೆಯನ್ನು ಓದಿದರೆ, ಆ ರಾಜಧಾನಿಯ ರಸಿಕರು ಎಂಥ ಕಾವ್ಯಕ್ಕೆ ತಲೆದೂಗುತ್ತಿದ್ದರೆಂಬುದು ತಿಳಿಯುತ್ತದೆ. ತೆಲುಗು ಲಿಪಿಯು ಕನ್ನಡಕ್ಕೆ ಅಷ್ಟು ಸಮೀಪವಾದ್ದರಿಂದ, ಎಡಪುಟವನ್ನು ಕೂಡ ಮೆಲ್ಲಮೆಲ್ಲನೆ ಓದಿಕೊಳ್ಳಬಹುದೆಂಬ ಹೆಚ್ಚಿನ ಸಂತೋಷ ನಮಗುಂಟು. ಹಾಗೆಯೇ ಎರಡು ಸಾವಿರ ವರ್ಷಗಳಿಗಿಂತ ಹಿಂದೆ ಮನೆಮಾರುಗಳನ್ನು ತೊರೆದು ಬಂದ ಸ್ತ್ರೀಯರು ತಮ್ಮ ಬಿಡುಗಡೆಯನ್ನು ತಮ್ಮ ಮಾತಿನಲ್ಲಿಯೇ ಹೇಳಿಕೊಂಡ ಥೇರೀಗಾಥೆಯನ್ನು ಅಕ್ಕಮಹಾದೇವಿಯ ಪಕ್ಕದಲ್ಲಿರಿಸಿ ಓದಿದರೆ, ಎರಡೂ ಹೊಸದಾಗಿ ಕಾಣುತ್ತವೆ. ಶಂಸುರ್ ರಹಮಾನ್ ಫಾರೂಕಿಯವರು ತಮ್ಮ ಬಾಳಿನ ಕೊನೆಗಾಲದಲ್ಲಿ ಅನುವಾದಿಸಿ ಕೊಟ್ಟ ಮೀರ್ ತಕೀ ಮೀರನ ಗಜಲುಗಳು, ಉರ್ದುವನ್ನು ಕಿವಿಯಿಂದ ಮಾತ್ರ ಬಲ್ಲ ನಮ್ಮ ಎಷ್ಟೋ ಜನರಿಗೆ ಕಣ್ಣಿನಿಂದಲೂ ಅದರ ಬಾಗಿಲನ್ನು ತೆರೆದಿವೆ. ಇವೆಲ್ಲವನ್ನೂ ಇಂಗ್ಲಿಷಿನ ಹಾದಿ ಹಿಡಿಯದೆ ನೇರವಾಗಿ ಕನ್ನಡದಲ್ಲಿಯೇ, ಎದುರುಪುಟದಲ್ಲಿ ಮೂಲದೊಡನೆ, ಕಾಣುವ ಕಾಲ ಬರಬೇಕು. ತೆಲುಗು, ತಮಿಳು, ಮರಾಠಿ, ಉರ್ದುಗಳನ್ನು ಮನೆಮಾತಾಗಿ ಬಲ್ಲ ಕನ್ನಡ ಬರಹಗಾರರು ನಮ್ಮ ನಾಡಿನಲ್ಲಿರುವಷ್ಟು ಸಂಖ್ಯೆಯಲ್ಲಿ ಬೇರೆಡೆ ದೊರೆಯುವುದು ಸುಲಭವಲ್ಲ.

ಈ ಮಾಲೆಯ ಭಾರತೀಯ ಆವೃತ್ತಿಗಳನ್ನು ಕೆಲವು ನೂರು ರೂಪಾಯಿಗಳ ಬೆಲೆಗೆ, ಕಾಗದದ ಹೊದಿಕೆಯಲ್ಲಿ ಮಾರುತ್ತಾರೆ. ಓದಲು ತೊಡಗುವ ಕನ್ನಡಿಗರು ಹರಿಶ್ಚಂದ್ರಕಾವ್ಯದಿಂದಲೇ ಆರಂಭಿಸುವುದು ಲೇಸು. ಅದರಲ್ಲಿಯೂ ಗಾನರಾಣಿಯರ ಸಂವಾದವನ್ನು ಮೊದಲು ಓದಬಹುದು. ಎಡಪುಟದ ಷಟ್ಪದಿಯೊಂದನ್ನು ಗಟ್ಟಿಯಾಗಿ, ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯಲ್ಲಿ ನಿಂತು ಓದಿಕೊಳ್ಳಬೇಕು. ತಿಳಿಯದ ಶಬ್ದಗಳು ಎದುರಾದಾಗ ಮಾತ್ರ ಬಲಪುಟದತ್ತ ಕಣ್ಣು ಹಾಯಿಸಬೇಕು. ಹೀಗೆ ಹತ್ತಿಪ್ಪತ್ತು ಪದ್ಯಗಳನ್ನು ದಾಟುವಷ್ಟರಲ್ಲಿ ನಡುಗನ್ನಡದ ರೂಪಗಳು ಬಹುಮಟ್ಟಿಗೆ ಪರಿಚಿತವಾಗುತ್ತವೆ. ಮನೆಯಲ್ಲಿ ಇಂಗ್ಲಿಷಿನಲ್ಲಿಯೇ ಓದುವ ಮಕ್ಕಳಿದ್ದರೆ ಅವರು ಬಲಪುಟದಿಂದಲೂ, ಹಿರಿಯರು ಎಡಪುಟದಿಂದಲೂ ಆರಂಭಿಸಿ ಒಂದೇ ಪುಸ್ತಕವನ್ನು ಕೂಡಿ ಓದಬಹುದು. ತಾಲ್ಲೂಕು ಗ್ರಂಥಾಲಯಗಳವರು ಇದರ ಪ್ರತಿಯನ್ನು ತರಿಸಿದಾಗ, ವಿದೇಶದ ಇಂಗ್ಲಿಷ್ ಪುಸ್ತಕವೆಂದು ಅದನ್ನು ಬೇರೆ ಕಪಾಟಿನಲ್ಲಿಡದೆ, ಕನ್ನಡ ಕಾವ್ಯಗಳ ಸಾಲಿನಲ್ಲಿ, ಹರಿಹರನ ಪಕ್ಕದಲ್ಲಿಯೇ ಇಡುವುದು ಉಚಿತ.